ಕಣ್ಣಿದ್ದವರ ಆಕಾಶ

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಮಾತನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಹಂಪಿಯ ವಿಸ್ತಾರವನ್ನು ಸುತ್ತಲು ಕಾಲಿನ ಬಲ ಬೇಕು. ಕನಕಾಚಲಪತಿಯ ಗುಡಿಯ ಕುಸುರಿಯನ್ನು ಅರಿಯಲು ಕಣ್ಣಿನ ಸೂಕ್ಷ್ಮತೆ ಬೇಕು ಎಂಬುದು ಅದರ ತಾತ್ಪರ್ಯ. ಈ ನಾಣ್ಣುಡಿಗೆ ಇನ್ನೊಂದು ಅರ್ಥವನ್ನೂ ಕೂಡಿಸಬಹುದೆಂದು ಕೆಲವು ವರ್ಷಗಳಿಂದ ನನಗೆ ತೋರುತ್ತಿದೆ. ಗುಡಿಯ ಬಾಗಿಲು ಮುಚ್ಚಿದ ಮೇಲೆ, ಬಜಾರದ ಗದ್ದಲ ಅಡಗಿದ ಮೇಲೆ, ಊರ ಹೊರಗಿನ ಹೊಲದ ಬದುವಿನಲ್ಲಿ ನಿಂತು ತಲೆಯೆತ್ತಿದರೆ ಕಾಣುವುದೂ ಕನಕಗಿರಿಯೇ. ಅದನ್ನು ನೋಡಲು ಚೀಟಿ ಬೇಕಿಲ್ಲ, ಪ್ರಯಾಣ ಬೇಕಿಲ್ಲ, ಕಣ್ಣಿದ್ದರೆ ಸಾಕು. ಆ ಕಣ್ಣಿಗೆ ತುಸು ಬಲ ಕೂಡಿಸುವ ಒಂದು ಹಳೆಯ ದುರ್ಬೀನು ನನ್ನ ಕೈಗೆ ಬಂದ ಬಗೆಯನ್ನೂ ಅದರಿಂದ ನಾನು ಕಲಿತುದನ್ನೂ ಓದುಗರ ಮುಂದಿಡಬಯಸುತ್ತೇನೆ. ನಿಮ್ಮಲ್ಲಿ ಒಬ್ಬಿಬ್ಬರಾದರೂ ಇದನ್ನು ಓದಿ ಮಾಳಿಗೆ ಹತ್ತಿದರೆ ಬರೆದ ಶ್ರಮ ಸಾರ್ಥಕ.

ನಮ್ಮ ಕಡೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಆಕಾಶವು ಅಪರಿಚಿತವಲ್ಲ. ಬೇಸಿಗೆಯ ರಾತ್ರಿ ಚಾಪೆ-ಕೌದಿಗಳನ್ನು ಹೊತ್ತು ಮಾಳಿಗೆಯ ಮೇಲೆ ಮಲಗುವುದು ವಾಡಿಕೆ. ನಿದ್ದೆ ಬರುವವರೆಗೆ ಕಣ್ಣ ಮುಂದೆ ಚುಕ್ಕಿಗಳಲ್ಲದೆ ಬೇರೇನೂ ಇರುವುದಿಲ್ಲ. ಅಷ್ಟೇ ಅಲ್ಲ, ನಕ್ಷತ್ರಗಳ ಹೆಸರುಗಳು ನಮ್ಮ ರೈತರ ನಾಲಿಗೆಯ ಮೇಲೆ ಸದಾ ಇರುತ್ತವೆ. ರೋಹಿಣಿ ಬಂತೆ, ಮೃಗಶಿರ ಹೇಗಾಯಿತು, ಆರಿದ್ರಾ ಕೈಕೊಟ್ಟಿತೆ, ಚಿತ್ತಿ-ಸ್ವಾತಿಗಳು ಹಿಂಗಾರಿ ಜೋಳಕ್ಕೆ ಹದ ಮಾಡಿದವೆ ಎಂದು ಮಾತನಾಡದ ಕಟ್ಟೆಯೇ ಇಲ್ಲ. ಆದರೆ ಒಂದು ವಿಚಿತ್ರವನ್ನು ಗಮನಿಸಿರಿ. ಮಳೆಗಳ ಹೆಸರನ್ನು ಸಾಲಾಗಿ ಒಪ್ಪಿಸಬಲ್ಲ ಹಿರಿಯರನ್ನು ‘ರೋಹಿಣಿ ಎಲ್ಲಿದೆ, ತೋರಿಸಿರಿ’ ಎಂದು ಕೇಳಿದರೆ ಅವರ ಕೈ ಮೋಡ ಕಟ್ಟುವ ದಿಕ್ಕಿಗೆ ಹೋಗುವುದೇ ಹೊರತು ಒಂದು ಚುಕ್ಕಿಯ ಕಡೆಗೆ ಹೋಗುವುದು ವಿರಳ.

ಇದಕ್ಕಾಗಿ ಅವರನ್ನು ಆಕ್ಷೇಪಿಸಬೇಕಾಗಿಲ್ಲ. ಕಾರಣವು ಆಕಾಶದಲ್ಲಿಯೇ ಇದೆ. ಸೂರ್ಯನು ಒಂದು ವರ್ಷದಲ್ಲಿ ಇಪ್ಪತ್ತೇಳು ನಕ್ಷತ್ರಗಳ ಭಾಗಗಳನ್ನು ದಾಟುವಂತೆ ನಮಗೆ ತೋರುತ್ತಾನೆ. ಒಂದೊಂದು ಭಾಗಕ್ಕೆ ಹದಿಮೂರು ಹದಿನಾಲ್ಕು ದಿನಗಳಾಗುತ್ತವೆ. ಅವನು ಯಾವ ನಕ್ಷತ್ರದಲ್ಲಿ ಇರುವನೋ ಆ ದಿನಗಳ ಮಳೆಗೆ ಅದೇ ಹೆಸರು. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹೂಡುತ್ತದೆಯೆಂದರೆ ಅಂದು ಸೂರ್ಯನು ರೋಹಿಣಿಯ ಭಾಗವನ್ನು ಪ್ರವೇಶಿಸಿದನೆಂದು ಅರ್ಥ. ಹೀಗಿರುವಾಗ ಆ ನಕ್ಷತ್ರವು ಸೂರ್ಯನೊಡನೆ ಹುಟ್ಟಿ ಸೂರ್ಯನೊಡನೆ ಮುಳುಗುವುದರಿಂದ ಅದು ಕಾಣುವ ಬಗೆ ಹೇಗೆ? ಸ್ವಾತಿಯಂಥದು ಸೂರ್ಯನ ಹಾದಿಯಿಂದ ಬಹಳ ಉತ್ತರಕ್ಕೆ ಇರುವುದರಿಂದ ಮುಸ್ಸಂಜೆಯಲ್ಲೋ ನಸುಕಿನಲ್ಲೋ ಇಣುಕುವುದುಂಟು. ಕೃತ್ತಿಕೆ, ರೋಹಿಣಿ, ಚಿತ್ತೆಗಳಾದರೋ ತಮ್ಮ ಹೆಸರಿನ ಮಳೆ ಸುರಿಯುವಾಗ ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತವೆ. ಅರ್ಧ ವರ್ಷ ಕಳೆದು, ಮಳೆಯ ಮಾತು ನಿಂತು, ಸುಗ್ಗಿಯ ಮಾತು ನಡೆದಿರುವಾಗ ಅವು ನಡುರಾತ್ರಿಯ ಆಕಾಶವನ್ನೇರುತ್ತವೆ. ಆಗ ಅವುಗಳ ಹೆಸರು ಹಿಡಿದು ಕೇಳುವವರು ಯಾರೂ ಇಲ್ಲ.

ನಮ್ಮ ಊರಿಗೆ ಈ ವಿಷಯದಲ್ಲಿ ಒಂದು ವಿಶೇಷ ಭಾಗ್ಯವಿದೆ. ಕನಕಗಿರಿಯು ಭೂಮಧ್ಯರೇಖೆಯಿಂದ ಸುಮಾರು 15.5 ಡಿಗ್ರಿ ಉತ್ತರದಲ್ಲಿದೆ. ರೋಹಿಣಿಯು ಖಗೋಳದ ಮಧ್ಯರೇಖೆಯಿಂದ ಸುಮಾರು 16.5 ಡಿಗ್ರಿ ಉತ್ತರದಲ್ಲಿದೆ. ಆದ್ದರಿಂದ ಡಿಸೆಂಬರ್ ಮೊದಲ ವಾರದ ನಡುರಾತ್ರಿ ಅದು ನಮ್ಮ ನೆತ್ತಿಯ ಮೇಲೆಯೇ, ಎರಡು ಚಂದ್ರಬಿಂಬಗಳಷ್ಟು ಅಂತರದಲ್ಲಿ ಹಾದುಹೋಗುತ್ತದೆ. ಹೆಸರು ನಮ್ಮ ನಾಲಿಗೆಯ ಮೇಲೆ, ನಕ್ಷತ್ರವು ನಮ್ಮ ನೆತ್ತಿಯ ಮೇಲೆ. ಇವೆರಡರ ನಡುವಿನ ನಂಟು ಮಾತ್ರ ಕಳೆದುಹೋಗಿದೆ. ಆ ನಂಟನ್ನು ಮತ್ತೆ ಕಟ್ಟಿಕೊಳ್ಳುವುದೇ ನನ್ನ ಪಾಲಿಗೆ ನಕ್ಷತ್ರ ವೀಕ್ಷಣೆ. ಉಳಿದುದೆಲ್ಲ ಅದರ ಸಾಧನಸಾಮಗ್ರಿ.

ನಂಟು ಕಳೆದುಹೋಗಲು ಅಜ್ಞಾತತೆಯೊಂದೇ ಕಾರಣವಲ್ಲ, ಭಯವೂ ಕಾರಣ. 1980ರ ಫೆಬ್ರವರಿ 16ರಂದು, ಶಿವರಾತ್ರಿಯ ಬೆನ್ನಿಗೆ ಬಂದ ಮಾಘದ ಅಮಾವಾಸ್ಯೆಯ ದಿನ, ಖಗ್ರಾಸ ಸೂರ್ಯಗ್ರಹಣವಾಯಿತು. ಚಂದ್ರನ ನೆರಳು ಅರಬ್ಬೀ ಸಮುದ್ರದಿಂದ ಅಂಕೋಲೆಯ ಕಡೆಗೆ ಏರಿ, ಗದಗು, ಕೊಪ್ಪಳ, ರಾಯಚೂರುಗಳ ಮೇಲೆ ಹಾದು ಆಂಧ್ರದತ್ತ ಸಾಗಿತು. ಅಂದು ಕನಕಗಿರಿಯೂ ಆ ನೆರಳಿನ ಪಟ್ಟಿಯೊಳಗೆಯೇ ಇತ್ತು. ಮಧ್ಯಾಹ್ನ ಮೂರೂವರೆಯ ಮೇಲೆ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಹಗಲು ಇರುಳಾಯಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಸಿಂಧನೂರು ಸಮೀಪದ ಜವಳಗೇರಾದಲ್ಲಿ ಡೇರೆ ಹೂಡಿ ಅದನ್ನು ಅಭ್ಯಸಿಸಿದರು. ನಮ್ಮ ಮನೆಯಲ್ಲಿ ಬಾಗಿಲು ಹಾಕಿತ್ತು.

ನಾನಾಗ ನಾಲ್ಕನೆಯ ಇಯತ್ತೆಯ ಹುಡುಗ. ಪಡುವಣ ಬಾಗಿಲಿನ ಹಲಗೆಯಲ್ಲಿ ಮೊಳೆ ಕಳಚಿದ ಒಂದು ಸಣ್ಣ ತೂತಿತ್ತು. ಅದರಿಂದ ಬಿದ್ದ ದುಂಡನೆಯ ಬಿಸಿಲು ನೆಲದ ಮೇಲೆ ಬರಬರುತ್ತ ಕುಡುಗೋಲಿನ ಆಕಾರ ತಾಳಿದುದನ್ನು ಕಂಡು ನಾನು ಕೂಗಿದೆ. ತಾಯಿ ಬಂದು ನೋಡಿ, ಏನೂ ಮಾತನಾಡದೆ ಆ ತೂತಿಗೆ ಒಂದು ಅರಿವೆಯ ಚೂರನ್ನು ತುರುಕಿದಳು. ಬಳಿಕ ಕತ್ತಲಾಯಿತು. ಹೊರಗೆ ಹಕ್ಕಿಗಳು ಮರಕ್ಕೆ ಮರಳುವ ಕಲರವ ಕೇಳಿಸಿತು. ಆ ಕುಡುಗೋಲು ಸೂರ್ಯನ ಪ್ರತಿಬಿಂಬವೆಂದೂ, ಕಣ್ಣಿಗೆ ಕೇಡಿಲ್ಲದಂತೆ ಗ್ರಹಣ ನೋಡಲು ಅದಕ್ಕಿಂತ ಸರಳವಾದ ಉಪಾಯವಿಲ್ಲವೆಂದೂ ತಿಳಿದುದು ಎಷ್ಟೋ ವರ್ಷಗಳ ಮೇಲೆ. ಮಕ್ಕಳ ಕಣ್ಣು ಕಾಯಬೇಕೆಂಬ ತಾಯಿಯ ಕಳಕಳಿ ಸರಿಯಾದುದೇ. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣು ಹೋಗುವುದು ನಿಜ. ಆದರೆ ಒಂದು ಸ್ಥಳಕ್ಕೆ ಖಗ್ರಾಸ ಗ್ರಹಣವು ಸರಾಸರಿ 350ರಿಂದ 400 ವರ್ಷಗಳಿಗೊಮ್ಮೆ ಬರುವಂಥದು. ಅದು ನಮ್ಮ ಮನೆಯ ಮೇಲೆಯೇ ಬಂದು ಹೋದಾಗ ನಾವೆಲ್ಲ ಒಳಗಿದ್ದೆವು ಎಂಬ ನೆನಪು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು.

ಗ್ರಹಣವನ್ನು ನೋಡಲೆಂದೇ ಪರದೇಶದವರು ನಮ್ಮ ನಾಡಿಗೆ ಬಂದ ಇತಿಹಾಸವನ್ನು ಓದಿದಾಗ ಆ ನೆನಪು ಇನ್ನೂ ಚುಚ್ಚಿತು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಮ್ಮ ಜಮಖಂಡಿಯಿಂದ ವೀಕ್ಷಿಸಿದನು. 1781ರಲ್ಲಿ ತಾನೇ ಉಜ್ಜಿ ಮಾಡಿದ ಕನ್ನಡಿಯ ದೂರದರ್ಶಕದಿಂದ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ ಇವನು. ಆ ಅಜ್ಜನು ಆಗ ವೃತ್ತಿಯಿಂದ ಸಂಗೀತಗಾರ. ಮನೆಯ ಹಿತ್ತಲೇ ಅವನ ವೀಕ್ಷಣಾಲಯ. ಅದೇ 1868ರ ಗ್ರಹಣವನ್ನು ಗುಂಟೂರಿನಿಂದ ಫ್ರಾನ್ಸಿನ ಜಾನ್ಸೆನ್ ಅಭ್ಯಸಿಸಿದನು. ಸೂರ್ಯನ ಬೆಳಕಿನಲ್ಲಿ ಅಂದು ಕಂಡ ಒಂದು ಹಳದಿ ಗೆರೆಯೇ ಮುಂದೆ ಹೀಲಿಯಂ ಎಂಬ ಧಾತುವಿನ ಗುರುತಾಯಿತು. 1871ರ ಡಿಸೆಂಬರ್ 12ರ ಗ್ರಹಣಕ್ಕೆ ಇಂಗ್ಲೆಂಡಿನ ಲಾಕಿಯರ್ ಕಾಸರಗೋಡು ಸೀಮೆಯ ಬೇಕಲ ಕೋಟೆಯಲ್ಲಿ ಉಪಕರಣಗಳನ್ನು ಹೂಡಿದನು. ಸಾವಿರಾರು ಮೈಲಿ ಹಡಗಿನಲ್ಲಿ ಬಂದು ಅವರು ಕಂಡುದನ್ನು ಹೊಸ್ತಿಲು ದಾಟಿ ನಾವೇಕೆ ಕಾಣಬಾರದು? ಈ ಪ್ರಶ್ನೆಯೇ ಮುಂದೆ ನನ್ನನ್ನು ದುರ್ಬೀನಿನವರೆಗೆ ನಡೆಸಿತು.

ಹೊಸಪೇಟೆಯಲ್ಲಿ ನೌಕರಿಯಲ್ಲಿದ್ದ ಒಬ್ಬ ಗೃಹಸ್ಥರು ವರ್ಗವಾಗಿ ಹೊರಟಾಗ ತಮ್ಮ ಮಗನಿಗೆಂದು ಕೊಂಡಿದ್ದ ದೂರದರ್ಶಕವನ್ನು ಮಾರುವವರಿದ್ದಾರೆಂದು 2020ರ ಜನವರಿಯಲ್ಲಿ ತಿಳಿದುಬಂತು. ಹುಡುಗನು ಎರಡು ಬಾರಿ ಚಂದ್ರನನ್ನು ನೋಡಿ ಅದನ್ನು ಮಂಚದ ಕೆಳಗೆ ಸರಿಸಿದ್ದನಂತೆ. 6,500 ರೂಪಾಯಿಗೆ ವ್ಯವಹಾರ ಕುದುರಿತು. ಕೊಳವೆಯನ್ನು ಕೌದಿಯಲ್ಲಿ ಸುತ್ತಿ, ಮೂರು ಕಾಲಿನ ಸ್ಟ್ಯಾಂಡನ್ನು ಹಗ್ಗದಿಂದ ಬಿಗಿದು ಬಸ್ಸಿನಲ್ಲಿ ತಂದೆ. ಮನೆಗೆ ಬಂದಾಗ ನನ್ನ ಮನೆಯವರು ‘ರೀ, ಇಷ್ಟು ರೊಕ್ಕದಾಗ ಒಂದು ಹೊಲಿಗಿ ಮಷೀನು ಬರ್ತಿತ್ತು’ ಎಂದರು. ಅದು ಸತ್ಯವಾದ ಮಾತಾದುದರಿಂದ ನಾನು ಉತ್ತರ ಕೊಡಲಿಲ್ಲ.

ಹಳೆಯ ದುರ್ಬೀನನ್ನು ಕೊಳ್ಳಬಯಸುವವರಿಗೆ ನಾಲ್ಕು ಮಾತು ಹೇಳುವುದು ಇಲ್ಲಿ ಅವಶ್ಯ. ಮೊದಲನೆಯದಾಗಿ, ಪೆಟ್ಟಿಗೆಯ ಮೇಲೆ ಬರೆದ ‘ಇಷ್ಟು ನೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂಬ ಮಾತಿಗೆ ಬೆಲೆ ಕೊಡಬೇಡಿರಿ. ದೂರದರ್ಶಕದ ನಿಜವಾದ ಬಲವು ಅದರ ಕನ್ನಡಿಯ ಅಥವಾ ಮುಂದಿನ ಮಸೂರದ ಅಗಲದಲ್ಲಿದೆ. ನನ್ನದರ ಕನ್ನಡಿಯ ಅಗಲ 114 ಮಿಲಿಮೀಟರ್. ಕತ್ತಲಿಗೆ ಹೊಂದಿಕೊಂಡ ನಮ್ಮ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅರಳುತ್ತದೆ. ಲೆಕ್ಕ ಹಾಕಿದರೆ ಈ ಕನ್ನಡಿಯು ಬರಿಗಣ್ಣಿಗಿಂತ 260 ಪಟ್ಟಿಗೂ ಹೆಚ್ಚು ಬೆಳಕನ್ನು ಕೂಡಿಸುತ್ತದೆ. ಬಾವಿಯ ಬಾಯಿ ಅಗಲವಾದಷ್ಟೂ ಅದರೊಳಗೆ ಬೀಳುವ ಮಳೆ ಹೆಚ್ಚಲ್ಲವೆ? ಅದೇ ನ್ಯಾಯ ಇಲ್ಲಿಯೂ.

ದೊಡ್ಡದಾಗಿ ತೋರಿಸುವ ಕೆಲಸ ಕಣ್ಣಿಟ್ಟು ನೋಡುವ ಚಿಕ್ಕ ಮಸೂರದ್ದು. ಅದಕ್ಕೆ ಐಪೀಸ್ ಎನ್ನುತ್ತಾರೆ. ಕನ್ನಡಿಯ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ದೊರೆಯುತ್ತದೆ. ನನ್ನ ಕನ್ನಡಿಯ ಸಂಗಮದೂರ 900 ಮಿಲಿಮೀಟರ್. ಅದರೊಂದಿಗೆ ಬಂದ 25 ಮಿಲಿಮೀಟರಿನ ಐಪೀಸಿನಿಂದ 36 ಪಟ್ಟು, 10 ಮಿಲಿಮೀಟರಿನದರಿಂದ 90 ಪಟ್ಟು. ಕನ್ನಡಿಯ ಅಗಲದ ಮಿಲಿಮೀಟರುಗಳ ಎರಡರಷ್ಟು, ಅಂದರೆ ನನ್ನದಕ್ಕೆ 228 ಪಟ್ಟಿನ ಆಚೆ ಹೋದರೆ ಚಿತ್ರವು ದೊಡ್ಡದಾಗುವುದೇ ಹೊರತು ಹೊಸದೇನೂ ಕಾಣದು. ಹೊಸಬರು ಕಡಿಮೆ ಪಟ್ಟಿನಿಂದಲೇ ಆರಂಭಿಸುವುದು ಲೇಸು. ಆಕಾಶದ ಹೆಚ್ಚು ಭಾಗ ಒಮ್ಮೆಗೇ ಕಾಣುವುದರಿಂದ ಹುಡುಕಿದುದು ಸಿಕ್ಕುತ್ತದೆ.

ಎರಡನೆಯದಾಗಿ, ಕನ್ನಡಿಯ ಮೇಲಿನ ತೆಳು ಧೂಳಿಗೆ ಹೆದರಬೇಡಿರಿ. ಅದರಿಂದ ನೋಟಕ್ಕೆ ಆಗುವ ಹಾನಿ ಅತ್ಯಲ್ಪ. ಅರಿವೆಯಿಂದ ಒರೆಸಿದರೆ ಗೀರು ಬಿದ್ದು ಆಗುವ ಹಾನಿ ಶಾಶ್ವತ. ನೋಡಬೇಕಾದುದು ಬೆಳ್ಳಿಯಂಥ ಲೇಪವು ಕಪ್ಪಿಟ್ಟು ಕಳಚಿದೆಯೇ, ಕನ್ನಡಿಯು ಬಿರಿದಿದೆಯೇ ಎಂಬುದನ್ನು. ಮೂರನೆಯದಾಗಿ, ಕೊಳವೆಯ ಬುಡದ ಕನ್ನಡಿಯೂ ಮೇಲ್ತುದಿಯ ಚಿಕ್ಕ ಓರೆ ಕನ್ನಡಿಯೂ ಒಂದಕ್ಕೊಂದು ಎದುರಾಗಿ ಹೊಂದಿಕೊಂಡಿರಬೇಕು. ಬಸ್ಸಿನ ಕುಲುಕಿಗೆ ನನ್ನದು ಹೊಂದಿಕೆ ತಪ್ಪಿತ್ತು. ಐಪೀಸಿನ ಜಾಗದಲ್ಲಿ ನಡುವೆ ಸಣ್ಣ ತೂತಿರುವ ಒಂದು ಡಬ್ಬಿಯ ಮುಚ್ಚಳವನ್ನಿಟ್ಟು ಇಣುಕಿ, ದೊಡ್ಡ ಕನ್ನಡಿಯ ಬಿಂಬವು ಚಿಕ್ಕದರ ನಟ್ಟನಡುವೆ ಕಾಣುವವರೆಗೆ ಬುಡದ ಮೂರು ತಿರುಪುಗಳನ್ನು ಮೆಲ್ಲಗೆ ತಿರುಗಿಸಬೇಕು. ಒಂದು ನಕ್ಷತ್ರವನ್ನು ತುಸು ಮಸುಕಾಗಿಸಿ ನೋಡಿದಾಗ ಅದು ಒಂದೇ ಕೇಂದ್ರದ ಬಳೆಗಳಂತೆ ಕಂಡರೆ ಕೆಲಸ ಆಯಿತೆಂದು ತಿಳಿಯಿರಿ. ಸ್ಟ್ಯಾಂಡು ಗಾಳಿಗೆ ನಡುಗುತ್ತಿದ್ದುದರಿಂದ ಅದರ ನಡುವೆ ಮರಳು ತುಂಬಿದ ಕೈಚೀಲವನ್ನು ತೂಗುಬಿಟ್ಟೆ. ಗುರಿ ಹಿಡಿಯುವ ಚಿಕ್ಕ ದುರ್ಬೀನಿನ ಕಳೆದುಹೋದ ತಿರುಪಿಗೆ ಸೈಕಲ್ ಅಂಗಡಿಯಲ್ಲಿ ಜೋಡಿ ಸಿಕ್ಕಿತು. ಹಗಲಿನಲ್ಲಿ ದೂರದ ಗೋಪುರದ ಕಳಸಕ್ಕೆ ಎರಡನ್ನೂ ಗುರಿಯಿಟ್ಟು ಸರಿಪಡಿಸಿಕೊಂಡರೆ ರಾತ್ರಿ ತಡಕಾಡುವ ಕಷ್ಟ ತಪ್ಪುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹಳೆಯ ದುರ್ಬೀನುಗಳ ಪೆಟ್ಟಿಗೆಯಲ್ಲಿ ಐಪೀಸಿಗೆ ತಿರುಗಿಸಿ ಕೂರಿಸುವ ಒಂದು ಕಪ್ಪು ಗಾಜು ‘ಸೂರ್ಯನನ್ನು ನೋಡಲು’ ಎಂದು ಇರುವುದುಂಟು. ಅದನ್ನು ಎಂದಿಗೂ ಬಳಸಬಾರದು. ಕನ್ನಡಿಯು ಕೂಡಿಸಿದ ಬಿಸಿಲಿನ ಕಾವಿಗೆ ಆ ಗಾಜು ಥಟ್ಟನೆ ಸೀಳಿದರೆ ಕಣ್ಣು ಆ ಕ್ಷಣದಲ್ಲಿಯೇ ಹೋಗುತ್ತದೆ. ನನ್ನ ಪೆಟ್ಟಿಗೆಯಲ್ಲಿ ಇದ್ದುದನ್ನು ಮೊದಲ ದಿನವೇ ಒಡೆದು ಹುಗಿದುಬಿಟ್ಟೆ. ದುರ್ಬೀನನ್ನು ಹಗಲಿನಲ್ಲಿ ಸೂರ್ಯನ ಕಡೆಗೆ ತಿರುಗಿಸದಿರುವುದು, ಮಕ್ಕಳ ಕೈಗೆ ಹಗಲು ಒಂಟಿಯಾಗಿ ಕೊಡದಿರುವುದು ಮೀರಬಾರದ ನಿಯಮ.

ಇನ್ನು ನೋಡುವ ಕ್ರಮ. ದುರ್ಬೀನನ್ನು ಬಿಚ್ಚುವ ಮೊದಲು ಒಂದು ತಿಂಗಳು ಬರಿಗಣ್ಣಿನಿಂದ ಆಕಾಶವನ್ನು ನೋಡಿರೆಂದು ನನ್ನ ವಿನಂತಿ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಉತ್ತರದ ಅಂಚಿನಿಂದ ಒಂದೂವರೆ ಮುಷ್ಟಿ ಮೇಲೆ ಧ್ರುವನಿದ್ದಾನೆ. ದಕ್ಷಿಣದಲ್ಲಿ ಎರಡು ಮುಷ್ಟಿಗೆ ತುಸು ಮೇಲೆ, ಫೆಬ್ರವರಿಯ ರಾತ್ರಿಗಳಲ್ಲಿ, ಅಗಸ್ತ್ಯನು ನಿಲ್ಲುತ್ತಾನೆ. ಕನ್ನಡದಲ್ಲಿ ಜಿ. ಟಿ. ನಾರಾಯಣ ರಾವ್ (1926–2008) ಅವರು ನಕ್ಷತ್ರ ವೀಕ್ಷಣೆಯನ್ನು ಕುರಿತು ಬರೆದ ಪುಸ್ತಕಗಳಿವೆ. ಹೊಸಬರಿಗೆ ಅವು ಗುರುಸಮಾನ. ಓದಲು ದೀಪ ಬೇಕಾದರೆ ಬ್ಯಾಟರಿಯ ಮುಖಕ್ಕೆ ಕೆಂಪು ಕಾಗದ ಸುತ್ತಿರಿ. ಕಣ್ಣು ಕತ್ತಲಿಗೆ ಪೂರ್ಣವಾಗಿ ಹೊಂದಲು ಅರ್ಧ ಗಂಟೆ ಬೇಕು. ಮೊಬೈಲನ್ನು ಒಮ್ಮೆ ತೆರೆದರೂ ಆ ಅರ್ಧ ಗಂಟೆ ವ್ಯರ್ಥ.

ದುರ್ಬೀನಿಗೆ ಮೊದಲ ನೋಟ ಚಂದ್ರನದಿರಲಿ. ಹುಣ್ಣಿಮೆಯಂದು ಬೇಡ, ಅಂದು ಬೆಳಕು ನೇರವಾಗಿ ಬಿದ್ದು ನೆರಳುಗಳೇ ಇರುವುದಿಲ್ಲ. ಶುಕ್ಲಪಕ್ಷದ ಷಷ್ಠಿಯಿಂದ ದಶಮಿಯವರೆಗೆ ಬೆಳಕು-ಕತ್ತಲೆಗಳು ಕೂಡುವ ಅಂಚಿನಲ್ಲಿ ಪರ್ವತಗಳೂ ಕುಳಿಗಳೂ ಎದ್ದು ನಿಲ್ಲುತ್ತವೆ. ಮುಂದೆ ಗುರು. ಅವನ ಇಕ್ಕೆಲಗಳಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ಚುಕ್ಕಿಗಳು ಕಾಣುತ್ತವೆ. ಇವುಗಳನ್ನು ಗೆಲಿಲಿಯೋ 1610ರ ಜನವರಿಯಲ್ಲಿ ಕಂಡನು. ಅವನ ದುರ್ಬೀನಿಗಿಂತ ನನ್ನ ಹಳೆಯ ದುರ್ಬೀನು ಎಲ್ಲ ರೀತಿಯಿಂದಲೂ ಮೇಲಾದುದು! ಪ್ರತಿ ರಾತ್ರಿ ಒಂದು ವಹಿಯಲ್ಲಿ ಆ ನಾಲ್ಕರ ಸ್ಥಾನಗಳನ್ನು ಗುರುತು ಹಾಕಿರಿ. ಒಳಗಿನದು 42 ಗಂಟೆಗಳ ಸುಮಾರಿಗೆ ಒಂದು ಸುತ್ತು ಬಂದರೆ ಹೊರಗಿನದಕ್ಕೆ ಹದಿನಾರು ಹದಿನೇಳು ದಿನ ಬೇಕು. ಎಲ್ಲವೂ ಭೂಮಿಯನ್ನೇ ಸುತ್ತುತ್ತಿಲ್ಲವೆಂಬ ಸತ್ಯವು ಹದಿನೈದು ದಿನಗಳಲ್ಲಿ ನಿಮ್ಮ ಕೈಬರಹದಲ್ಲಿಯೇ ಸಿದ್ಧವಾಗುತ್ತದೆ. ಶನಿಯ ಬಳೆಗಳು 2025ರ ಮಾರ್ಚಿನಲ್ಲಿ ನಮಗೆ ಅಂಚಾಗಿ ನಿಂತು ಕಾಣದಾದವು. ಇನ್ನು 2032ರ ಸುಮಾರಿನವರೆಗೆ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುತ್ತ ಹೋಗುವುವು. ಹೊಸದಾಗಿ ನೋಡತೊಡಗುವವರಿಗೆ ಇದು ಶುಭಕಾಲ.

2020ರ ಡಿಸೆಂಬರ್ 21ರ ಮುಸ್ಸಂಜೆ ಗುರುವೂ ಶನಿಯೂ ಚಂದ್ರಬಿಂಬದ ಐದನೆಯ ಒಂದು ಭಾಗದಷ್ಟು ಹತ್ತಿರ ಬಂದರು. ದುರ್ಬೀನಿನ ಒಂದೇ ನೋಟದಲ್ಲಿ ಗುರುವಿನ ಚಂದ್ರರೂ ಶನಿಯ ಬಳೆಯೂ ಕಂಡವು. ನೆರೆಹೊರೆಯ ಹತ್ತಾರು ಮಂದಿ ಸರದಿಯಲ್ಲಿ ನಿಂತು ನೋಡಿದರು. ಶನಿಯ ಹೆಸರೆತ್ತಿದರೆ ಬೆಚ್ಚುವ ಒಬ್ಬ ಹಿರಿಯರು ಕಣ್ಣಿಟ್ಟು ಬಹಳ ಹೊತ್ತು ನೋಡಿ, ‘ಇಷ್ಟು ಚಂದ ಅದಾನಲ್ಲ ಇಂವ!’ ಎಂದುದು ಇನ್ನೂ ಕಿವಿಯಲ್ಲಿದೆ. ಭಯವನ್ನು ವಾದದಿಂದ ಓಡಿಸುವುದು ಕಷ್ಟ. ನೋಟದಿಂದ ಅದು ತಾನಾಗಿ ಸರಿಯುತ್ತದೆ. ಅಂದು ನನ್ನ ಮನೆಯವರೂ ಮೂರು ಸಲ ಸರದಿಗೆ ಬಂದರು. ಹೊಲಿಗೆ ಮಷೀನಿನ ಮಾತು ಅಲ್ಲಿಗೆ ಮುಗಿಯಿತು.

ನನ್ನ ತಾಯಿಗೆ 80 ದಾಟಿದೆ. ಎರಡೂ ಕಣ್ಣುಗಳಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಮಾಳಿಗೆಯ ಮೆಟ್ಟಿಲು ಹತ್ತಲಾರಳಾದ್ದರಿಂದ 2024ರ ಡಿಸೆಂಬರಿನ ಒಂದು ರಾತ್ರಿ ಒಂಬತ್ತರ ಸುಮಾರಿಗೆ ದುರ್ಬೀನನ್ನು ಅಂಗಳಕ್ಕೇ ಇಳಿಸಿ, ಪೂರ್ವದಲ್ಲಿ ಏರುತ್ತಿದ್ದ ರೋಹಿಣಿಗೆ ಗುರಿಯಿಟ್ಟೆ. ‘ಅವ್ವಾ, ಇದು ರೋಹಿಣಿ’ ಎಂದೆ. ಅವಳು ಕೋಲನ್ನು ಗೋಡೆಗೆ ಒರಗಿಸಿ, ಬಗ್ಗಿ ನೋಡಿದಳು. ಕೆಂಪು-ಕಿತ್ತಳೆಯ ಕೆಂಡದಂಥ ಒಂದು ಬೊಟ್ಟು. ಬಹಳ ಹೊತ್ತಿನ ಮೇಲೆ ಕಣ್ಣು ತೆಗೆದು, ‘ರೋಹಿಣಿ ಅಂದ್ರ ಮಳಿ ಅಂತ ಗೊತ್ತಿತ್ತು ತಮ್ಮಾ; ಚುಕ್ಕಿ ಅಂತ ಇವತ್ತು ಗೊತ್ತಾತು’ ಎಂದಳು. ಆ ನಕ್ಷತ್ರವು ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ. ಅಂದರೆ ಆ ರಾತ್ರಿ ಅವಳ ಕಣ್ಣಿಗೆ ಮುಟ್ಟಿದ ಬೆಳಕು ಅಲ್ಲಿಂದ ಹೊರಟುದು 1959ರ ಸುಮಾರಿಗೆ, ಅವಳು ಮದುವೆಯಾಗಿ ಈ ಮನೆಯ ಹೊಸ್ತಿಲು ತುಳಿದ ಕಾಲಕ್ಕೆ. ಇದನ್ನು ಹೇಳಿದಾಗ ಅವಳು ನಕ್ಕು, ‘ಇಷ್ಟು ದಿನಾ ನಡದ ಬಂತೇನು?’ ಎಂದು ಇನ್ನೊಮ್ಮೆ ನೋಡಲು ಬಗ್ಗಿದಳು. 1980ರಲ್ಲಿ ಬಾಗಿಲಿನ ತೂತು ಮುಚ್ಚಿದ ಕೈ ಅದೇ. ಆ ವಿಷಯವನ್ನು ನಾವಿಬ್ಬರೂ ಎತ್ತಲಿಲ್ಲ.

ದೂರದ ವಸ್ತುಗಳ ಕಾಲವನ್ನು ಹೀಗೆ ನಮ್ಮ ನಾಡಿನ ಚರಿತ್ರೆಯೊಡನೆ ಹೊಂದಿಸಿ ನೋಡುವುದು ನನಗೆ ಪ್ರಿಯವಾದ ಅಭ್ಯಾಸ. ಕೃತ್ತಿಕೆಯ ಗೊಂಚಲಿನಿಂದ ಈಗ ಬರುತ್ತಿರುವ ಬೆಳಕು ಸುಮಾರು 440 ವರ್ಷಗಳ ಹಿಂದೆ, 1565ರ ಯುದ್ಧದಲ್ಲಿ ವಿಜಯನಗರದ ಸೈನ್ಯ ಸೋತ ಸುಮಾರು ಎರಡು ದಶಕಗಳಿಗೆ ಹೊರಟುದು. ಮಹಾವ್ಯಾಧನ ಕತ್ತಿಯಲ್ಲಿ ಮಂಜಿನ ತುಣುಕಿನಂತೆ ಕಾಣುವ ನೀಹಾರಿಕೆಯ ಬೆಳಕು ಸುಮಾರು 1,350 ವರ್ಷ ಹಳೆಯದು. ಆಗ ಬಾದಾಮಿಯಲ್ಲಿ ಚಾಳುಕ್ಯರು ಆಳುತ್ತಿದ್ದರು. ಮೇ ತಿಂಗಳ ನಡುವೆ ರಾತ್ರಿ ಹತ್ತರ ಮೇಲೆ ದಕ್ಷಿಣದಲ್ಲಿ ಎರಡೂವರೆ ಮುಷ್ಟಿಯ ಎತ್ತರದಲ್ಲಿ ದುರ್ಬೀನನ್ನು ಮೆಲ್ಲಗೆ ಆಡಿಸಿದರೆ ಹತ್ತಾರು ಲಕ್ಷ ನಕ್ಷತ್ರಗಳು ರವೆಯ ಉಂಡೆಯಂತೆ ಒತ್ತಿ ಕೂಡಿದ ಒಂದು ಗುಚ್ಛ ಸಿಕ್ಕುತ್ತದೆ. ಒಮೇಗಾ ಸೆಂಟಾರಿ ಎಂದು ಅದರ ಹೆಸರು. ಲಂಡನ್ನಿನವರಿಗೆ ಅದು ಎಂದೂ ಹುಟ್ಟುವುದೇ ಇಲ್ಲ. ನಮಗೆ ಅದು ಮಾಳಿಗೆಯಿಂದಲೇ ಲಭ್ಯ.

ಆದರೆ ಓದುಗರೆ, ಈ ಸಂಪತ್ತು ದುರ್ಬೀನಿನದಲ್ಲ, ಕತ್ತಲೆಯದು. ಲಕ್ಷಗಟ್ಟಲೆ ಬೆಲೆಯ ದೂರದರ್ಶಕವನ್ನು ಪಟ್ಟಣದ ನಡುವೆ ನಿಲ್ಲಿಸಿದರೆ ಆ ನೀಹಾರಿಕೆಯು ಬೂದು ಮಚ್ಚೆಯಾಗಿ ಕಾಣುತ್ತದೆ. ನಮ್ಮ ಹೊಲದಿಂದ ಹಳೆಯ ಕೊಳವೆಯಲ್ಲಿ ಅದು ರೆಕ್ಕೆ ಬಿಚ್ಚುತ್ತದೆ. ಬೆಂಗಳೂರಿನ ವಿಜ್ಞಾನಿಗಳು ಕತ್ತಲೆಯನ್ನು ಅರಸಿ ಲಡಾಖಿನ ಹಾನ್ಲೆಯವರೆಗೆ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರಕ್ಕೆ ಹೋಗಬೇಕಾಯಿತು. ಅಲ್ಲಿಯ 2 ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ತಾಣವೆಂದು ಸಾರಲಾಯಿತು. ಅರಣ್ಯದಂತೆ, ಕೆರೆಯಂತೆ, ಕತ್ತಲೆಯನ್ನೂ ಕಾಯಬೇಕಾದ ಕಾಲ ಬಂದಿದೆಯೆಂದು ಇದರಿಂದ ತಿಳಿಯುತ್ತದೆ. ನಮ್ಮಲ್ಲಿಯೂ ಆಗ್ನೇಯದ ಅಂಚಿನಲ್ಲಿ ಗಂಗಾವತಿಯ ಬೆಳಕು, ನೈಋತ್ಯದಲ್ಲಿ ಕೊಪ್ಪಳದ ಕಡೆಯ ಬೆಳಕು ವರ್ಷ ವರ್ಷಕ್ಕೂ ಮೇಲೇರುತ್ತಿದೆ. ದೀಪ ಬೇಡವೆಂದು ನಾನು ಹೇಳುವವನಲ್ಲ. ಕತ್ತಲಲ್ಲಿ ಹಾವು-ಚೇಳು ತುಳಿದವರ ಕಷ್ಟ ಬಲ್ಲೆ. ಬೀದಿಯ ದೀಪಕ್ಕೆ ಮೇಲೊಂದು ಮರೆಯಿಟ್ಟರೆ ಬೆಳಕು ನೆಲಕ್ಕೆ ಬೀಳುತ್ತದೆ, ಕರೆಂಟೂ ಉಳಿಯುತ್ತದೆ, ಆಕಾಶವೂ ಉಳಿಯುತ್ತದೆ. ಊರಿನ ಪಂಚರು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವೇನಲ್ಲ.

ಇಷ್ಟನ್ನೂ ಓದಿದ ಮೇಲೆ ‘ನಮ್ಮ ಬಳಿ ದುರ್ಬೀನಿಲ್ಲವಲ್ಲ’ ಎನ್ನುವಿರಾದರೆ, ಅದಿಲ್ಲದೆಯೂ ಆರಂಭಿಸಬಹುದು. ಬರುವ ಅಮಾವಾಸ್ಯೆಯ ಹಿಂದುಮುಂದಿನ ಯಾವುದಾದರೂ ನಿರ್ಮಲ ರಾತ್ರಿ ಮನೆಯ ದೀಪ ಆರಿಸಿ, ಮಕ್ಕಳನ್ನು ಕರೆದುಕೊಂಡು ಮಾಳಿಗೆ ಹತ್ತಿರಿ. ಮನೆಯಲ್ಲಿ ಹಿರಿಯರಿದ್ದರೆ ಮಳೆಗಳ ಹೆಸರನ್ನು ಅವರ ಬಾಯಿಂದ ಹೇಳಿಸಿರಿ. ಒಂದೊಂದು ಹೆಸರಿಗೂ ಒಂದೊಂದು ಚುಕ್ಕಿಯನ್ನು ಹುಡುಕುವ ಕೆಲಸ ಮಕ್ಕಳಿಗಿರಲಿ. 2028ರ ಡಿಸೆಂಬರ್ 31ರ ರಾತ್ರಿ ನಮ್ಮ ನಾಡಿಗೆ ಖಗ್ರಾಸ ಚಂದ್ರಗ್ರಹಣವಿದೆ. ಚಂದ್ರಗ್ರಹಣವನ್ನು ಬರಿಗಣ್ಣಿನಿಂದ ನೋಡಿದರೆ ಯಾವ ಅಪಾಯವೂ ಇಲ್ಲ. ಅಂದು ನಮ್ಮ ಅಂಗಳದಲ್ಲಿ ದುರ್ಬೀನು ನಿಂತಿರುತ್ತದೆ. ಮನೆಯ ಬಾಗಿಲು ತೆರೆದಿರುತ್ತದೆ.